ಗುರುಗ್ರಹಕ್ಕೆ ನಮ್ಮ ಮನೆಯ ಗಡಿಯಾರ

ಮಿಲ್ಲಿನಲ್ಲಿ ಇನ್ನೂರು ಮೋಟಾರುಗಳನ್ನು ಪಳಗಿಸಿದ ನನ್ನಂಥ ಎಲೆಕ್ಟ್ರಿಷಿಯನ್‌ಗೆ ಒಂದು ದೂರದರ್ಶಕ ಯಾವ ಲೆಕ್ಕ! ಕಾಲೇಜಿನ ಮೇಷ್ಟ್ರೊಬ್ಬರು ಮೋಟಾರು ರಿಪೇರಿಗೆಂದು ಅದನ್ನು ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಮನೆಯಲ್ಲಿ ತಂದಿಟ್ಟಿದ್ದರು. ಜೊತೆಗೊಂದು ಪುಟ್ಟ ಕಂಪ್ಯೂಟರು. ತಾರೀಖು, ಗಂಟೆ ಒತ್ತಿದರೆ ಸಾಕು, ಕೊಳವೆ ತಾನಾಗಿ ತಿರುಗಿ ಗ್ರಹ ತೋರಿಸುತ್ತದಂತೆ. ರಿಪೇರಿ ಮುಗಿಸಿದ ಹೆಮ್ಮೆಯಲ್ಲಿ ವಾಲ್ಪಾರೈಗೆ, ಹೆಂಡತಿ ಸರಸುವಿನ ತಂದೆಗೆ ಕಾಗದ ಬರೆದೆ: "ಬನ್ನಿ ಮಾವ, ಗುರುಗ್ರಹ ತೋರಿಸುತ್ತೇನೆ."

ಮದುವೆಯಾದಂದಿನಿಂದ ಆ ಮಹನೀಯರು ನನ್ನ ಕೈಕೆಲಸವನ್ನು ನಂಬಿದವರಲ್ಲ. ಈ ಸಲ ನಂಬಿಸಲೇಬೇಕಿತ್ತು. ಘಾಟಿಯ ಬಸ್ಸಿನಲ್ಲಿ ಕುಲುಕಿಕೊಂಡು ಬಂದವರು, ರಾತ್ರಿ ಎಂಟರ ಬಸ್ಸಿಗೇ ವಾಪಸು ಹೊರಡಬೇಕೆಂದರು.

ಕತ್ತಲಾದೊಡನೆ ಗೋಡೆ ಗಡಿಯಾರ ನೋಡಿಕೊಂಡು ಮಹಡಿ ಹತ್ತಿ ಗಂಟೆ ಒತ್ತಿದೆ. ಕೊಳವೆ ಬಹು ಗಾಂಭೀರ್ಯದಿಂದ ತಿರುಗಿ ಪಕ್ಕದ ಮನೆಯ ನೀರಿನ ತೊಟ್ಟಿಗೆ ಮುಖ ಮಾಡಿ ನಿಂತಿತು.

"ಏನು ಮಾಪಿಳ್ಳೆ, ಗುರು ತೊಟ್ಟಿಯೊಳಗಾ ಇರೋದು?" ಎಂದರು ಮಾವ. ಮಾಪಿಳ್ಳೆ ಎಂದರೆ ಅಳಿಯ, ಅಂದರೆ ನಾನು.

ಪುಸ್ತಕ ತಿರುವಿದೆ. ಕಂಪ್ಯೂಟರಿಗೆ ಗ್ರೀನಿಚ್ ಗಂಟೆ ಬೇಕಂತೆ, ವ್ಯತ್ಯಾಸ ಐದೂವರೆ ಗಂಟೆ. ಕೂಡಿಸಿದೆ. ಕೊಳವೆ ತಲೆ ಬಗ್ಗಿಸಿ, ನೆಲದಲ್ಲಿ ಹರವಿದ್ದ ವಡಾಂ ಸಂಡಿಗೆ ನೋಡತೊಡಗಿತು!

"ಕಳೀಬೇಕ್ರೀ! ಬೆಳಗಾಗೋದು ನಮಗಲ್ವಾ ಮೊದಲು?" ಎಂದಳು ಸರಸು.

ಕಳೆದೆ. ಕೊಳವೆ ಆಕಾಶಕ್ಕೇನೋ ಎದ್ದಿತು. ಕಣ್ಣಿಟ್ಟರೆ ಬರೀ ಕತ್ತಲೆ. ತಪ್ಪು ನನ್ನ ಮೋಟಾರಿನದೇ ಆದರೆ ಮಾನ ಉಳಿಯುವುದುಂಟೇ! ಎಣ್ಣೆ ಬಿಟ್ಟೆ. ನಾಲ್ಕು ಸ್ಕ್ರೂ ಬಿಚ್ಚಿದೆ, ಮೂರನ್ನು ಹಾಕಿದೆ. ನಾಲ್ಕನೆಯದು ಬೀದಿಗೆ ಹಾರಿತ್ತು.

ನೀರು ಕುಡಿಯಲು ಕೆಳಗಿಳಿದಿದ್ದ ಮಾವ ಗೋಡೆ ಗಡಿಯಾರ ನೋಡಿ, ಚೀಲ ಹಿಡಿದೇ ಮೇಲೆ ಬಂದರು. "ಗಂಟೆ ಏಳು ಐವತ್ತು. ಬಸ್ ಹೋಗಿಬಿಡ್ತದೆ ಮಾಪಿಳ್ಳೆ. ಪರವಾ ಇಲ್ಲ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಅಷ್ಟರಲ್ಲಿ ಮಿಲ್ಲಿನ ಏಳೂವರೆಯ ಸೈರನ್ ಕೂಗಿತು. ಸರಸು ಹಣೆ ಚಚ್ಚಿಕೊಂಡಳು. "ಅಯ್ಯೋ ಕಡವುಳೇ! ನೀವು ಗಂಟೆ ನೋಡಿದ್ದು ನಮ್ಮ ಗೋಡೆ ಗಡಿಯಾರದಲ್ಲಾ?"

ಶಿಫ್ಟಿಗೆ ತಡವಾಗಬಾರದೆಂದು ನಮ್ಮ ಬೀದಿಯ ಪ್ರತಿಯೊಂದು ಮನೆಯ ಗಡಿಯಾರವೂ ಮುಂದೆ ಓಡುತ್ತದೆ. ನಮ್ಮದು ಇಪ್ಪತ್ತು ನಿಮಿಷ. ಮನೆಮಂದಿ ಮನಸ್ಸಿನಲ್ಲೇ ಅದನ್ನು ಕಳೆದು ಲೆಕ್ಕ ಹಾಕುತ್ತೇವೆ. ಕಂಪ್ಯೂಟರಿಗೆ ಈ ಸಂಪ್ರದಾಯ ತಿಳಿಸಿದವರು ಯಾರು? ಮುಳ್ಳನ್ನು ಮುಂದೆ ತಿರುಗಿಸಿಟ್ಟವನಂತೂ ಸಾಕ್ಷಾತ್ ನಾನೇ!

ಸರಿಯಾದ ಗಂಟೆ ಒತ್ತಿದೆ. ಮಾವ ಚೀಲ ಕೆಳಗಿಟ್ಟು ಕಣ್ಣಿಟ್ಟರು. "ಆಹಾ... ಪಕ್ಕದಲ್ಲಿ ನಾಲ್ಕು ಚುಕ್ಕಿ! ಸರಸು, ಬಾಮ್ಮ, ನೋಡು!" ಗುರುವಿನ ಚಂದ್ರರನ್ನು ಕಂಡವರ ಆ ಸ್ವರ ಕೇಳಿ ನನ್ನ ಕಣ್ಣು ತುಂಬಿತು. ಬಸ್ಸೂ ಸಿಕ್ಕಿತು.

ವಾರದೊಳಗೆ ತಮಿಳಿನಲ್ಲಿ ಬರೆದ ಕಾರ್ಡು ಬಂತು, ಮಗಳ ಹೆಸರಿಗೆ. "ಗುರುವನ್ನು ಕಂಡೆ, ಬಹಳ ಸಂತೋಷ. ಮುಂದಿನ ಸಲ ಮಾಪಿಳ್ಳೆಗೆ ಒಂದು ಕೈಗಡಿಯಾರ ತರುತ್ತೇನೆ. ನೋಡುವುದು ಹೇಗೆಂದು ನೀನೇ ಹೇಳಿಕೊಡು."