ಎಂಟು ನಿಮಿಷದ ಮುರ್ತಬಾಕ್

ಮೂವತ್ತಮೂರು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು ನಾನು. ಪ್ಲಾಟ್‌ಫಾರಂ ಮೇಲೆ ನಾನು ಬಂದು ನಿಂತರೆ ಗಡಿಯಾರವೇ ನನ್ನನ್ನು ನೋಡಿ ತನ್ನ ಮುಳ್ಳು ಸರಿಮಾಡಿಕೊಳ್ಳಬೇಕು, ಅಂಥ ಶಿಸ್ತು. (ಇದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಮಸ್ತೂರಾಳದು ಬೇರೆ ಇದೆ. ಅದನ್ನು ಅವಳು ದಿನಕ್ಕೆ ಮೂರು ಹೊತ್ತು ಹೇಳುತ್ತಾಳೆ, ಊಟವಾದ ಮೇಲೆ.) ಅಂಥ ನನ್ನನ್ನು ಈಗ ಕಂಡವರೆಲ್ಲ ತಮ್ಮ ಕೈಗಡಿಯಾರ ಮುಚ್ಚಿಕೊಂಡು, "ಶಮ್ಸೂರಿ, ಗಂಟೆ ಎಷ್ಟಪ್ಪಾ?" ಎಂದು ಕೇಳಿ ಮುಸಿಮುಸಿ ನಗುತ್ತಾರೆ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ ಎಂದು ಬರೆಯೋಣ ಅಂದುಕೊಂಡಿದ್ದೆ. ಮಸ್ತೂರಾ ಓದುತ್ತಾಳೆ ಎಂದು ನೆನಪಾಯಿತು. ಕಾರಣ ನಾನೇ.

ಅತ್ತೆಯನ್ನು ನಾವೆಲ್ಲ ಕರೆಯುವುದು ಮೆಕ್ ಎಂದು. ಅವರ ಕಡೆ, ಅಂದರೆ ಕೆಲಂತಾನ್‌ನಲ್ಲಿ, ಅಮ್ಮನಿಗೆ ಹಾಗೇ ಅನ್ನುವುದು. ಎಪ್ಪತ್ತೇಳು ವರ್ಷ. ಗಾಳಿ ಜೋರಾಗಿ ಬೀಸಿದರೆ ಕಿಟಕಿ ಹಾಕಬೇಕು, ಅಷ್ಟು ತೆಳ್ಳಗಿದ್ದಾರೆ. ಈ ಸಲದ ರಂಜಾನ್ ಕಳೆಯಲು ಪಾಸಿರ್ ಮಾಸ್‌ನಿಂದ ನಮ್ಮ ಜಿತ್ರಾಕ್ಕೆ, ಅಂದರೆ ದೇಶದ ಪೂರ್ವ ಕರಾವಳಿಯ ಕೆಲಂತಾನ್‌ನಿಂದ ಪಶ್ಚಿಮದ ಕೆಡಾ ರಾಜ್ಯಕ್ಕೆ, ದಿನವಿಡೀ ಬಸ್ಸಿನಲ್ಲಿ ಕೂತು ಬಂದರು. ಇಳಿದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೋ ಕೆಡಾದ ಹುಡುಗ, ಹೊಟ್ಟೆ ಬಂದ್ಬಿಟ್ಟಿದೆ," ಎಂದರು. ನನಗೆ ಅರವತ್ತೊಂದು. ಮದುವೆಯಾಗಿ ಮೂವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನನ್ನ ಹೆಸರು ಬಂದದ್ದು ಒಂದೇ ಸಲ, ಮದುವೆಯ ದಿನ, ಯಾರು ಹುಡುಗ ಎಂದು ಯಾರೋ ಕೇಳಿದಾಗ.

ಮೆಕ್‌ಗೆ ಒಂದು ಹೆಮ್ಮೆಯಿದೆ. ಹೆಂಗಸರ ತಿಂಗಳ ರಜೆ ವಯಸ್ಸಾಗಿ ನಿಂತ ಮೇಲೆ, ಇಪ್ಪತ್ತೇಳು ರಂಜಾನ್‌ಗಳಲ್ಲಿ ಒಂದು ದಿನದ ಉಪವಾಸವೂ ಅವರಿಗೆ ತಪ್ಪಿಲ್ಲ. ಜ್ವರದಲ್ಲೂ ಇಲ್ಲ, ಮಾವ ತೀರಿಹೋದ ದಿನವೂ ಇಲ್ಲ. ಆದರೆ ಈ ಸಲ ಸಂಜೆ ಉಪವಾಸ ಬಿಡುವಾಗ ಅವರು ತಿನ್ನುತ್ತಿದ್ದುದು ಎರಡು ಖರ್ಜೂರ, ಒಂದು ಲೋಟ ನೀರು, ಮೂರು ಚಮಚ ಗಂಜಿ. ಮಸ್ತೂರಾ ಬಗೆಬಗೆಯಾಗಿ ಮಾಡಿಟ್ಟದ್ದನ್ನೆಲ್ಲ ತಿಂದು ನನ್ನ ಹೊಟ್ಟೆ ಇನ್ನಷ್ಟು ಬಂತು.

ಹತ್ತನೆಯ ದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ತೂಕ ಮೂವತ್ತೊಂಬತ್ತು ಕಿಲೋ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ದನಿ ಮಾತ್ರ ಹೆಡ್‌ಮೇಡಂದು. "ಅಜ್ಜೀ, ಬುಧವಾರ ಮತ್ತೆ ತೂಗ್ತೀನಿ. ನಲವತ್ತು ಮುಟ್ಟಲಿಲ್ಲ ಅಂದ್ರೆ ಉಪವಾಸ ಬಂದ್. ಅದರ ಬದಲು ಬಡವರಿಗೆ ಅಕ್ಕಿ ಕೊಟ್ಬಿಡಿ, ಧರ್ಮದಲ್ಲೇ ಅವಕಾಶ ಇದೆ," ಎಂದಳು.

ಕಾರಿನಲ್ಲಿ ಮೆಕ್, "ಅಕ್ಕಿ ಕೊಟ್ಟು ತಪ್ಪಿಸ್ಕೊಳ್ಳೋಕೆ ನಾನೇನು ಹಾಸಿಗೆ ಹಿಡಿದಿದ್ದೀನಾ?" ಎಂದು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಮೆಕ್ ಅತ್ತದ್ದನ್ನು ನಾನು ನೋಡಿದ್ದೇ ಇಲ್ಲ. ಬೈಯುವಾಗಲೇ ಎಷ್ಟು ಚೆನ್ನಾಗಿರುತ್ತಾರೆ ಎಂದು ಮೊದಲ ಬಾರಿಗೆ ಅನ್ನಿಸಿತು.

"ಮೆಕ್, ಏನಾದ್ರೂ ಆಸೆ ಇದ್ರೆ ಹೇಳಿ. ಏನು ತಿಂತೀರಿ?"

"ಮುರ್ತಬಾಕ್ ಆದ್ರೆ ಒಂದು ತುಂಡು ಇಳೀಬಹುದೇನೋ," ಎಂದರು. ಮುರ್ತಬಾಕ್ ಅಂದರೆ ಕೈಮಾ ತುಂಬಿ ಕಾವಲಿಯಲ್ಲಿ ಬೇಯಿಸುವ ರೊಟ್ಟಿ. ಜೊತೆಗೇ, "ನಿಮ್ಮೂರಿಂದು ಬೇಡ," ಎಂದೂ ಸೇರಿಸಿದರು.

ಆದರೂ ಅವತ್ತು ಸಂಜೆ ರಂಜಾನ್ ಸಂತೆಯಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ತಂದೆ. ಮೆಕ್ ಬೆರಳಿನಿಂದ ಬಿಡಿಸಿ ನೋಡಿದರು. "ಇದರಲ್ಲಿ ಕೈಮಾ ಹುಡುಕೋಕೆ ಟಾರ್ಚ್ ಬೇಕು. ಬರೀ ಈರುಳ್ಳಿ," ಎಂದು ತಟ್ಟೆ ಸರಿಸಿದರು. ಆಗ ನನ್ನ ತಲೆಯಲ್ಲಿ ಆ ದಿವ್ಯ ಯೋಚನೆ ಹೊಳೆಯಿತು.

"ನಾನೇ ಮಾಡ್ತೀನಿ," ಎಂದೆ.

ಮಸ್ತೂರಾ ನಗಲಿಲ್ಲ. ಅದೇ ಹೆಚ್ಚು ಅವಮಾನವಾಯಿತು. "ಬಾಂಗ್, ನಿಮಗೆ ಮೊಟ್ಟೆ ಒಡೆಯೋಕೆ ಬರುತ್ತಾ?" ಎಂದಳು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ. (ನಮ್ಮಲ್ಲಿ ಹೆಂಡತಿ ಗಂಡನನ್ನು ಬಾಂಗ್ ಎಂದೇ ಕರೆಯುವುದು.)

ಮುರ್ತಬಾಕ್‌ನ ಹೂರಣ ಕಷ್ಟವಲ್ಲ: ಕೈಮಾ, ಈರುಳ್ಳಿ, ಮಸಾಲೆ ಪುಡಿ, ಮೊಟ್ಟೆ. ಕಷ್ಟವೆಲ್ಲ ಕಣಕದ್ದು. ಎಣ್ಣೆಯಲ್ಲಿ ನೆನೆದ ಉಂಡೆಯನ್ನು ಅಂಗೈಯಿಂದ ತಟ್ಟಿ, ಗಾಳಿಯಲ್ಲಿ ಬೀಸಿ ಬೀಸಿ, ಆಚೆ ಕಡೆಯ ಮನುಷ್ಯ ಕಾಣುವಷ್ಟು ತೆಳ್ಳಗೆ ಹಿಗ್ಗಿಸಬೇಕು. ಕಲಿಯುವವರು ಮೊದಲು ಒದ್ದೆ ಬಟ್ಟೆ ಬೀಸಿ ಅಭ್ಯಾಸ ಮಾಡುತ್ತಾರೆ. ನಾನೂ ಹಿತ್ತಲಿನಲ್ಲಿ ಎರಡು ದಿನ ಒದ್ದೆ ಟವೆಲ್ ಬೀಸಿದೆ. ಪಕ್ಕದ ಮನೆಯವರು ನೊಣ ಹೊಡೆಯುತ್ತಿದ್ದೇನೆ ಎಂದುಕೊಂಡು ಔಷಧಿ ಡಬ್ಬಿ ಕಳಿಸಿದರು.

"ಟವೆಲ್ ಚೆನ್ನಾಗಿ ಹಾರ್ತಿದೆ ಬಾಂಗ್," ಎಂದಳು ಮಸ್ತೂರಾ ಬಟ್ಟೆ ಒಣಹಾಕುತ್ತಾ. "ಅದರೊಳಗೇ ಕೈಮಾ ತುಂಬಿ ಬೇಯಿಸ್ಬಿಡಿ. ಬುಧವಾರಕ್ಕೆ ಇನ್ನು ನಾಲ್ಕೇ ದಿನ ಇದೆ." ಕೊನೆಯ ಮಾತಿನಲ್ಲಿ ತಮಾಷೆ ಇರಲಿಲ್ಲ. ಅವಳ ಕಣ್ಣೂ ತುಂಬಿತ್ತು. ನಾನು ಟವೆಲ್ ಇನ್ನಷ್ಟು ಜೋರಾಗಿ ಬೀಸಿದೆ.

ಹದಿಮೂರನೆಯ ಉಪವಾಸದ ದಿನ ಮಹಾಯಜ್ಞ ಆರಂಭವಾಯಿತು. ಮಸ್ತೂರಾ ಗಂಜಿ ಹಂಚುವ ಕೆಲಸಕ್ಕೆ ಮಸೀದಿಗೆ ಹೋಗಿದ್ದಳು. (ಅವಳು ಮನೆಯಲ್ಲಿದ್ದರೆ ಹೆಜ್ಜೆಹೆಜ್ಜೆಗೂ ತಪ್ಪು ಹಿಡಿಯುತ್ತಾಳೆ ಎಂದು ನಾನೇ ಕಳಿಸಿದ್ದೆ. ಈ ತೀರ್ಮಾನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನನ್ನ ಮೂರ್ಖತನದ ಅಳತೆ ಸಿಗುತ್ತದೆ.) ಮೆಕ್ ಕುರ್ಚಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತರು. ಉಪ್ಪು ನೋಡಬೇಕಿತ್ತು. ನಾಲಗೆ ತುದಿಗೆ ಮುಟ್ಟಿಸಿ ಉಗಿದರೆ ಉಪವಾಸಕ್ಕೆ ದೋಷವಿಲ್ಲ ಅನ್ನುತ್ತಾರೆ. ಚಮಚ ಎತ್ತಿದೆ.

"ಉಗಿಯೋದು ಮರೆತುಹೋದ್ರೆ?" ಎಂದರು ಮೆಕ್.

ಚಮಚ ಇಳಿಸಿದೆ. ಮೂಗಿನಿಂದಲೇ ಉಪ್ಪು ನೋಡಿದೆ.

ಮೊದಲನೆಯ ಕಣಕ ನಡುವೆ ಹರಿದು ನನ್ನ ಮೊಣಕೈಗೆ ಬಳೆಯಾಯಿತು. ಎರಡನೆಯದು ಫ್ರಿಜ್ಜಿಗೆ ಅಂಟಿಕೊಂಡಿತು. ಮೆಕ್ ಹುಬ್ಬು ಮೇಲೇರಿತು. ಆ ಹುಬ್ಬು ಇಳಿಸಬೇಕು, ಮನಸ್ಸು ಹಗುರವಾದರೆ ಹೊಟ್ಟೆಯೂ ತೆರೆದೀತು ಎಂದು ನನಗೆ ಇನ್ನೊಂದು ದಿವ್ಯ ಯೋಚನೆ ಬಂತು. ಮೊಬೈಲಿನಲ್ಲಿ ಹುಡುಕಿ ಕೆಲಂತಾನ್‌ನ ರೇಡಿಯೋ ಹಾಕಿದೆ. ಅವರೂರಿನ ಮಾತು, ಅವರೂರಿನ ಹಾಡು. ಮೆಕ್ ಮುಖ ಸಡಿಲವಾಯಿತು. ಕಾಲ ಹೆಬ್ಬೆರಳು ತಾಳ ಹಾಕತೊಡಗಿತು. "ಇವನು ತುಂಪಾಟ್ ಕಡೆಯವನು, ಮಾತಲ್ಲೇ ಗೊತ್ತಾಗತ್ತೆ," ಎಂದು ತಾವಾಗಿ ಹೇಳಿದರು. ಬಂದಾಗಿನಿಂದ ಅವರು ಖುಷಿಯಿಂದ ಆಡಿದ ಮೊದಲ ಮಾತು ಅದು.

ಅದೇ ಉತ್ಸಾಹದಲ್ಲಿ ಮೂರನೆಯ ಕಣಕ ಹಾರಿತು. ಹಿಗ್ಗಿತು, ಹರಿಯಲಿಲ್ಲ! ಅಂಚು ದಪ್ಪ ಉಳಿಯಿತು, ಇರಲಿ. ಹೂರಣ ಸುರಿದು, ನಾಲ್ಕೂ ಕಡೆಯಿಂದ ಮಡಚಿ, ಕಾವಲಿಯ ಮೇಲೆ ಮಗುಚಿ ಹಾಕಿದೆ. ಚುರ್ರೆಂದಿತು. ಆ ವಾಸನೆ, ಆ ಬಣ್ಣ! ಹಾಡು ನಿಂತು ಯಾರೋ ಏನೋ ಹೇಳಿದರು, ಚುರ್ರಿನಲ್ಲಿ ನನಗೆ ಕೇಳಿಸಲಿಲ್ಲ. ಮರುಕ್ಷಣವೇ ಆಜಾನ್ ಮೊಳಗಿತು.

"ಮೆಕ್, ಹೊತ್ತಾಯ್ತು! ತಡ ಮಾಡಬೇಡಿ, ತಡ ಮಾಡಿದ್ರೆ ಪುಣ್ಯ ಕಡಿಮೆ!" ಎಂದು ನಾನೇ ಖರ್ಜೂರ ಮುಂದೆ ಹಿಡಿದೆ. ಮೆಕ್ ಕೈಯೆತ್ತಿ ಪ್ರಾರ್ಥಿಸಿ, ಖರ್ಜೂರ ತಿಂದು, ನೀರು ಕುಡಿದು, ನಾನು ಕಾವಲಿಯಿಂದ ಇಳಿಸಿಕೊಟ್ಟ ಮುರ್ತಬಾಕ್‌ನ ಒಂದು ತುಂಡು ಮುರಿದು ಬಾಯಿಗಿಟ್ಟರು. ನಾನು ಅವರ ಬಾಯನ್ನೇ ನೋಡುತ್ತಾ ನಿಂತೆ. ಅವರು ಅಗಿದರು. ಇನ್ನೊಂದು ತುಂಡು ಮುರಿದರು. ಇನ್ನೊಂದು. ಅರ್ಧ ಮುರ್ತಬಾಕ್ ಖಾಲಿಯಾಯಿತು! ನಾನೂ ಎದುರಿಗೆ ಕೂತು ತಿಂದೆ. ಉಪ್ಪು ಸರಿಯಾಗಿಯೇ ಇತ್ತು.

"ಅಂಚು ದಪ್ಪ," ಎಂದರು ಮೆಕ್, ಬಾಯಿ ತುಂಬ. "ಇನ್ನೊಂದು ಹಾಕು, ಶಮ್ಸೂರಿ."

ಶಮ್ಸೂರಿ! ರೈಲ್ವೆಯಲ್ಲಿ ಪದಕ ಕೊಟ್ಟಾಗಲೂ ನನಗೆ ಇಷ್ಟು ಹಿಗ್ಗಾಗಿರಲಿಲ್ಲ. ಎದ್ದು ನಾಲ್ಕನೆಯ ಉಂಡೆಯನ್ನು ತಟ್ಟಲು ಶುರುಮಾಡಿದೆ.

ಆಗ ಮಸ್ತೂರಾ ಗಂಜಿಯ ಪಾತ್ರೆ ಹಿಡಿದು ಒಳಗೆ ಬಂದಳು. ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಬಾಂಗ್... ಏನ್ ತಿಂತಿದ್ದೀರಿ?"

"ಮುರ್ತಬಾಕ್! ಮೆಕ್ ಅರ್ಧ ಮುಗಿಸಿದ್ರು! ನೀನೂ ಬಾ, ಬಿಸಿಯಾಗಿದೆ."

"ಇನ್ನೂ ಆಜಾನ್ ಆಗಿಲ್ವಲ್ಲಾ!"

"ಆಯ್ತಲ್ಲೇ, ಇದೋ ಈ..." ಎಂದು ಮೊಬೈಲಿನ ಕಡೆ ಕೈ ತೋರಿಸಿದೆ. ತೋರಿಸಿದ ಕೈ ಅಲ್ಲೇ ಉಳಿಯಿತು. ಕೆಲಂತಾನ್ ಇರುವುದು ಪೂರ್ವಕ್ಕೆ. ಅಲ್ಲಿ ಸೂರ್ಯ ನಮಗಿಂತ ಎಂಟು ನಿಮಿಷ ಮೊದಲೇ ಮುಳುಗುತ್ತಾನೆ. ಇದು ನಮ್ಮಲ್ಲಿ ಮೂರನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ಅದೇ ಹೊತ್ತಿಗೆ, ಸರಿಯಾದ ಸಮಯಕ್ಕೆ, ನಮ್ಮ ಬೀದಿಯ ಮಸೀದಿಯಲ್ಲಿ ಆಜಾನ್ ಶುರುವಾಯಿತು.

ಮೆಕ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ವಾಪಸು ಇಟ್ಟರು. ಬಾಯಲ್ಲಿದ್ದುದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಆ ಮುಖವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಮಸೀದಿಯ ಉಸ್ತಾದರಿಗೆ ಫೋನ್ ಮಾಡಿದೆವು. ಅವರು ಬಹಳ ಮೃದುವಾಗಿ ಹೇಳಿದರು: ತಿಳಿಯದೆ ಆದದ್ದು, ಪಾಪವಿಲ್ಲ. ಆದರೆ ಆ ದಿನದ ಉಪವಾಸ ಲೆಕ್ಕಕ್ಕಿಲ್ಲ. ಹಬ್ಬ ಕಳೆದ ಮೇಲೆ ಇಬ್ಬರೂ ಬದಲಿಗೆ ಒಂದು ದಿನ ಹಿಡಿಯಬೇಕು.

"ಇಪ್ಪತ್ತೇಳು ವರ್ಷ," ಎಂದರು ಮೆಕ್. ಅಷ್ಟೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಸ್ತೂರಾ ಕೂಡ ಬೈಯಲಿಲ್ಲ. ನನ್ನ ಮೊಣಕೈಯಲ್ಲಿ ಒಣಗಿದ್ದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನಾನು ಮಗುವಿನ ಹಾಗೆ ಕೈ ಚಾಚಿಕೊಂಡು ಕೂತಿದ್ದೆ. ಒಬ್ಬರಿಗೆ ಒಳ್ಳೆಯದು ಮಾಡುವಾಗಲೂ ನಾವು ಎಷ್ಟು ಆತುರಪಡುತ್ತೇವೆ, ಅವರಿಗಿಂತ ಹೆಚ್ಚಾಗಿ ನಮ್ಮ ಹೆಸರಿಗಾಗಿ, ಎಂದು ಯೋಚಿಸುತ್ತಿದ್ದೆ. ಅತ್ತೆ ತಿನ್ನಲಿ ಎಂಬುದಕ್ಕಿಂತ, ನಾನು ಮಾಡಿದ್ದನ್ನು ತಿನ್ನಲಿ ಎಂಬ ಆಸೆ ನನಗಿತ್ತು. ಹೇಳಲು ನಾಚಿಕೆ, ಆದರೆ ನಿಜ.

ಮರುದಿನ ಮೆಕ್ ನನ್ನೊಡನೆ ಮಾತಾಡಲಿಲ್ಲ. ಆದರೆ ಸಂಜೆ ಖರ್ಜೂರದ ಜೊತೆ ಒಂದು ಬಟ್ಟಲು ಅನ್ನ ತಿಂದರು. ಅದರ ಮರುದಿನ ಮೀನಿನ ಸಾರನ್ನೂ ಹಾಕಿಸಿಕೊಂಡರು. ಸಿಟ್ಟಿಗೆ ಹಸಿವು ಹೆಚ್ಚುತ್ತದೋ ಏನೋ. ಬುಧವಾರ ತೂಕದ ಯಂತ್ರದ ಮುಳ್ಳು ನಲವತ್ತನ್ನು ದಾಟಿ ಕೂದಲೆಳೆಯಷ್ಟು ಮುಂದೆ ಹೋಗಿ ನಿಂತಿತು. ಡಾಕ್ಟರಮ್ಮ, "ಏನು ತಿಂದ್ರಿ ಅಜ್ಜೀ?" ಎಂದು ಕೇಳಿದಳು.

"ಏನು ತಿಂದೆ ಅಂತ ಕೇಳ್ಬೇಡ. ಯಾವಾಗ ತಿಂದೆ ಅಂತ ಕೇಳು," ಎಂದರು ಮೆಕ್.

ಅಲ್ಲಿಂದ ಶುರುವಾಯಿತು ನನ್ನ ಕೀರ್ತಿ. ಡಾಕ್ಟರಮ್ಮನಿಗೆ ಹೇಳಿದ್ದನ್ನು ಮೆಕ್ ಪಾಸಿರ್ ಮಾಸ್‌ನ ತಂಗಿಗೆ ಹೇಳಿದರು, ತಂಗಿ ಇಡೀ ಊರಿಗೆ ಹೇಳಿದಳು. ಹಬ್ಬಕ್ಕೆ ಬಂದ ಕೆಲಂತಾನ್‌ನ ಹದಿನೆಂಟು ಜನ ನೆಂಟರೂ ಒಬ್ಬೊಬ್ಬರಾಗಿ ನನ್ನ ಕೈ ಹಿಡಿದು ಹಬ್ಬದ ಪದ್ಧತಿಯಂತೆ ಕ್ಷಮೆ ಕೇಳಿ, ಆಮೇಲೆ ಗಂಟೆ ಕೇಳಿದರು. ರುಚಿ ಹೇಗಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ.

ನೆಂಟರೆಲ್ಲ ಹೊರಟ ಮೇಲೂ ಮೆಕ್ ಹೊರಡಲಿಲ್ಲ. ಒಂದು ಬೆಳಗ್ಗೆ ನಾನು ಪೇಪರ್ ಓದುತ್ತಿದ್ದಾಗ ಬಂದು ನಿಂತರು. "ಸೋಮವಾರ ಬದಲಿ ಉಪವಾಸ ಹಿಡಿಯೋಣ. ನೀನೂ, ನಾನೂ. ಒಬ್ಬಳೇ ಹಿಡಿಯೋಕೆ ಬೇಜಾರು. ಸಂಜೆಗೆ ಅದನ್ನೇ ಮಾಡು. ಅಂಚು ತೆಳ್ಳಗಿರ್ಲಿ," ಎಂದರು.

ಸೋಮವಾರ ಊರೆಲ್ಲ ತಿನ್ನುತ್ತಿತ್ತು. ಮಸ್ತೂರಾ ಮಧ್ಯಾಹ್ನ ನಮ್ಮೆದುರೇ ಕರಿದ ಮೀನು ತಿಂದಳು, ಮೂಳೆ ಚೀಪುತ್ತಾ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಸಿವು ತಡೆದುಕೊಂಡೆವು. ಸಂಜೆ ಮುರ್ತಬಾಕ್ ಸಿದ್ಧವಾಯಿತು. ನಮ್ಮ ಮಸೀದಿಯಲ್ಲಿ ಆಜಾನ್ ಆಯಿತು. ನಾನು ಖರ್ಜೂರಕ್ಕೆ ಕೈ ಹಾಕಿದೆ.

"ಇಡು ಕೆಳಗೆ."

"ಮೆಕ್, ಇದು ನಮ್ಮ ಮಸೀದಿದೇ! ಕಿವಿಯಾರೆ ಕೇಳಿದ್ರಲ್ಲ!"

"ಅವತ್ತೂ ಕಿವಿಯಾರೆ ಕೇಳಿದ್ದೆ. ಇಲ್ಲಿಂದ ಇನ್ನೂ ಪಶ್ಚಿಮಕ್ಕೆ ಯಾವ ಊರಿದೆ?"

"ಲಂಕಾವಿ ದ್ವೀಪ ಇದೆ."

"ಹಾಕು ಅಲ್ಲಿಂದು."

ಮೊಬೈಲಿನಲ್ಲಿ ಹಾಕಿದೆ. ಎರಡು ನಿಮಿಷಕ್ಕೆ ಲಂಕಾವಿಯಲ್ಲೂ ಆಜಾನ್ ಆಯಿತು. ಮುರ್ತಬಾಕ್ ಆರುತ್ತಿತ್ತು, ನನ್ನ ಹೊಟ್ಟೆ ಕೂಗುತ್ತಿತ್ತು. ಮೆಕ್ ಅಲುಗಾಡಲಿಲ್ಲ.

"ಅದರಾಚೆ?"

"ಅದರಾಚೆ ಬರೀ ಸಮುದ್ರ, ಮೆಕ್. ಇನ್ನೂ ಕಾಯೋದಾದ್ರೆ ದೋಣಿ ತರಿಸ್ತೀನಿ!"

ಬಾಗಿಲ ಹಿಂದೆ ಮಸ್ತೂರಾ ನಗು ತಡೆಯಲಾಗದೆ ಕೆಮ್ಮಿದಳು. ಮೆಕ್ ಮುರ್ತಬಾಕ್‌ನ ಮೂಲೆಯಿಂದ ಒಂದು ತುಂಡು ಮುರಿದು, ತಮ್ಮ ಕೈಯಾರೆ ನನ್ನ ಬಾಯಿಗೆ ಹಿಡಿದರು.

"ಈ ಸಲ ನೀನು ಮೊದಲು ತಿನ್ನು, ಶಮ್ಸೂರಿ. ಪಾಪ ಬಂದ್ರೆ ನಿಂಗೇ ಬರ್ಲಿ."

ನಾನು ತಿಂದೆ. ಮೆಕ್ ಕಿಟಕಿಯಾಚೆ ಆಕಾಶ ನೋಡಿದರು, ನನ್ನ ಮುಖ ನೋಡಿದರು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನನಗೆ ಸಿಕ್ಕಿದ್ದು ಆ ಮೂಲೆಯ ತುಂಡೊಂದೇ.