ದ್ವಾದಶಿಯ ಅನ್ನ ಮತ್ತು ಅಯೋಡಿನ್

ನನಗೆ ಸಿಟ್ಟು ಜಾಸ್ತಿ ಎಂದು ಮನೆಯಲ್ಲೂ ಹೇಳುತ್ತಾರೆ, ಬೀದಿಯಲ್ಲೂ ಹೇಳುತ್ತಾರೆ. ಅದು ಹಸಿವಿನ ಸಿಟ್ಟು, ಎರಡು ತುತ್ತು ಹೊಟ್ಟೆಗೆ ಬಿದ್ದರೆ ಇಳಿಯುತ್ತದೆ ಎಂಬುದು ನನ್ನ ಹೆಂಡತಿ ಸುಮಿತ್ರಳ ಅಭಿಪ್ರಾಯ. ಇತ್ತೀಚೆಗೆ ಅದು ಉಂಡ ಮೇಲೆ ಏರುತ್ತಿದೆ, ಯಾಕೆಂದರೆ ಉಂಡದ್ದು ಅನ್ನವಲ್ಲ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ಗಂಟಲು ಹರಿದುಕೊಂಡು ನಿವೃತ್ತನಾದವನಿಗೆ, ಪದ್ಮನಾಭನಗರದಲ್ಲಿ ತಾನೇ ಕಟ್ಟಿಸಿದ ಮನೆಯಲ್ಲಿ, ರಾತ್ರಿ ಒಂದು ಹಿಡಿ ಸಾರನ್ನ ಸಿಗುವುದಿಲ್ಲ ಎಂದರೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಆದದ್ದಿಷ್ಟು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿ ಮುಟ್ಟಿತ್ತು. ಡಾಕ್ಟರು ಸ್ವಲ್ಪ ನಡೆಯಿರಿ, ಸ್ವಲ್ಪ ನೋಡಿಕೊಂಡು ತಿನ್ನಿ ಎಂದರು, ಅಷ್ಟೇ. ಒಳ್ಳೆಯ ಮನುಷ್ಯ. ಆದರೆ ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದಿರುವ ರಶ್ಮಿ ಎಂಬ ಹುಡುಗಿ ಫೋನಿನಲ್ಲೇ ಜನರಿಗೆ ಆರೋಗ್ಯದ ಕ್ಲಾಸು ತೆಗೆದುಕೊಳ್ಳುತ್ತಾಳೆ. ಆಕೆ ರಿಪೋರ್ಟು ನೋಡಿ, ಅಂಕಲ್ ಕಾರ್ಬ್ಸ್ ಕಟ್ ಮಾಡಬೇಕು, ಅನ್ನ ಅಂದ್ರೆ ವಿಷ ಎಂದುಬಿಟ್ಟಳು. ಬ್ಯಾಂಕಿನಲ್ಲಿ ಆಡಿಟ್ ಮಾಡಿ ನಿವೃತ್ತಳಾದ ಸುಮಿತ್ರ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಅಂದೇ ಅಕ್ಕಿ ಡಬ್ಬಿ ಅಟ್ಟ ಹತ್ತಿತು. ಅದರ ಜಾಗಕ್ಕೆ ರಶ್ಮಿ ತರಿಸಿಕೊಟ್ಟ ಶುಗರ್‌ನವರ ಗೋಧಿಹಿಟ್ಟಿನ ಪ್ಯಾಕೆಟ್ಟು ಬಂತು.

ಕಾರ್ಬ್ಸ್ ಅಂತೆ! ಹೊಟ್ಟೆ ಉರಿಯುವುದು ಇದಕ್ಕೇ. ಕಾರ್ಬನ್ನಿಗೆ ನಾಲ್ಕು ಕೈ, ಆ ಕೈ ಹಿಡಿದು ಸರಪಳಿ ಕಟ್ಟುತ್ತದೆ, ಪ್ರಪಂಚದಲ್ಲಿ ಉಸಿರಾಡುವುದೆಲ್ಲ ಆ ಸರಪಳಿಯಿಂದಲೇ ಆದದ್ದು ಎಂದು ನಾನು ಪ್ರತಿ ಜೂನ್ ತಿಂಗಳಲ್ಲೂ ಬೋರ್ಡಿನ ಮೇಲೆ ಬರೆದು ಹೇಳಿದವನು. ಗ್ಲೂಕೋಸು ಸಾಲುಗಟ್ಟಿ ನಿಂತರೆ ಪಿಷ್ಟ, ಇವರ ಬಾಯಲ್ಲಿ ಕಾರ್ಬ್ಸ್. ಅಮೈನೊ ಆಮ್ಲಗಳು ಸಾಲುಗಟ್ಟಿದರೆ ಪ್ರೋಟೀನು. ತುಪ್ಪ, ಎಣ್ಣೆ ಇನ್ನೊಂದು ಮನೆತನ. ಇವೆಲ್ಲವನ್ನೂ ಹೇಗೆ ಕಟ್ಟಬೇಕೆಂಬ ಗುಟ್ಟು ಡಿಎನ್‌ಎಯಲ್ಲಿದೆ, ಅದೂ ಒಂದು ಸರಪಳಿಯೇ. ಇಷ್ಟು ಚಂದದ ಪಾಠವನ್ನು ನನ್ನ ಹುಡುಗರು ಕಿಟಕಿಯಾಚೆ ನೋಡುತ್ತ ಕೇಳಿದರು. ಸುಮಿತ್ರಳಿಗೂ ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ಅವಳಿಗೆ ಆಗ ಒಳ್ಳೆ ನಿದ್ದೆ ಬಂದಿತ್ತು. ಈಗ ಅದೇ ಪಾಠವನ್ನು ಅರ್ಧಕ್ಕೆ ಕತ್ತರಿಸಿ, ಕಾರ್ಬ್ಸು ಕಳ್ಳ, ಪ್ರೋಟೀನು ದೇವರು ಎಂದು ಮಾರುತ್ತಿದ್ದಾರೆ, ಜನ ಕಣ್ಣಿಗೊತ್ತಿಕೊಂಡು ಕೊಳ್ಳುತ್ತಿದ್ದಾರೆ. ಮೊನ್ನೆ ಜಯನಗರದ ಅಂಗಡಿಯೊಂದರಲ್ಲಿ ಎಲ್ಲಕ್ಕೂ ಆರ್ಗ್ಯಾನಿಕ್ ಎಂದು ಚೀಟಿ ಅಂಟಿಸಿದ್ದರು. ಸಿಟ್ಟಿಗೆ, ಆರ್ಗ್ಯಾನಿಕ್ ಉಪ್ಪು ಇದೆಯೇನಪ್ಪ ಎಂದು ಕೇಳಿದೆ. ಕೆಮಿಸ್ಟ್ರಿಯಲ್ಲಿ ಆರ್ಗ್ಯಾನಿಕ್ ಎಂದರೆ ಕಾರ್ಬನ್ ಇರುವಂಥದ್ದು, ಉಪ್ಪಿನಲ್ಲಿ ಹುಡುಕಿದರೂ ಕಾರ್ಬನ್ ಇಲ್ಲ. ಅಂಗಡಿಯವನು, ಇದೆ ಸಾರ್, ಅರ್ಧ ಕೆಜಿ ಸಾಕಾ ಎಂದ. ನಾನು ಏನೂ ಕೊಳ್ಳದೆ ಬಂದುಬಿಟ್ಟೆ.

ಹೀಗಿರುವಾಗ ಏಕಾದಶಿ ಬಂತು. ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಅಕ್ಕಿಗೆ ಮಾತ್ರ ರಜೆ. ಗೋಧಿರವೆ ಉಪ್ಪಿಟ್ಟು, ಸಬ್ಬಕ್ಕಿ ಪಾಯಸ, ಆಲೂಗಡ್ಡೆ ಪಲ್ಯ, ಚಪಾತಿ, ಒಗ್ಗರಣೆ ಅವಲಕ್ಕಿ, ಎಲ್ಲವೂ ಫಲಾಹಾರದ ಲೆಕ್ಕಕ್ಕೇ ಬರುತ್ತದೆ. ಇದನ್ನೆಲ್ಲ ತಿಂದು ಉಪವಾಸ ಮಾಡಿ ಸುಸ್ತಾಗಿ ಮಧ್ಯಾಹ್ನ ಮಲಗುತ್ತೇವೆ. ಚಿಕ್ಕವನಿದ್ದಾಗ ನಮ್ಮ ಅಜ್ಜಿಯನ್ನು, ಅವಲಕ್ಕಿ ಅಕ್ಕಿಯಲ್ಲವೇ, ಅದು ಹೇಗೆ ನಡೆಯುತ್ತದೆ ಎಂದು ಕೇಳಿದ್ದೆ. ಅಜ್ಜಿ ಬತ್ತಿ ಹೊಸೆಯುತ್ತಲೇ, "ಅದು ಒನಕೇಲಿ ಕುಟ್ಟಿಸ್ಕೊಂಡು ಪ್ರಾಯಶ್ಚಿತ್ತ ಮಾಡ್ಕೊಂಡಿದೆ ಕಣೋ" ಎಂದಿದ್ದರು. ನಾನು ಮುಂದೆ ಕೆಮಿಸ್ಟ್ರಿ ಓದಲು ಆ ಉತ್ತರವೂ ಒಂದು ಕಾರಣವಿರಬೇಕು. ಈ ಸಲ ನನಗೆ ಇನ್ನೊಂದು ಆಸೆಯಿತ್ತು. ಏಕಾದಶಿಯ ಮರುದಿನ ದ್ವಾದಶಿ, ಬೆಳಗಾಗುತ್ತಲೇ ಉಪವಾಸ ಮುರಿಯುವ ಪಾರಣೆ. ಪಾರಣೆಗೆ ಬಿಸಿ ಅನ್ನ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಆಗಲೇಬೇಕು. ಅಜ್ಜಿಯ ಕಾಲದಿಂದ ಬಂದದ್ದನ್ನು ಸುಮಿತ್ರ ಹೇಗೆ ತಪ್ಪಿಸಿಯಾಳು? ಆದರೆ ಬೆಳಿಗ್ಗೆ ಕಾಫಿ ಕೊಡುವಾಗಲೇ ಅವಳು, ನಾಳೆ ಅನ್ನದ ಬದಲು ಚಪಾತಿಯಲ್ಲೇ ಪಾರಣೆ, ರಶ್ಮಿಯನ್ನೂ ಕೇಳಿದ್ದೇನೆ ಎಂದಳು.

ದೇವರಿಗೆ ಇಲ್ಲದ ಅಧಿಕಾರ ಮಹಡಿ ಮನೆಯವಳಿಗೆ ಎಲ್ಲಿಂದ ಬಂತು? ನನಗೆ ರೇಗಿಹೋಯಿತು. ಮಧ್ಯಾಹ್ನ ರಶ್ಮಿ ಇನ್ನೊಂದು ಪ್ಯಾಕೆಟ್ಟು ಹಿಟ್ಟು ಹಿಡಿದು ಇಳಿದು ಬಂದಾಗ ಇಬ್ಬರನ್ನೂ ಊಟದ ಮೇಜಿನ ಮುಂದೆ ಕೂರಿಸಿದೆ. ಔಷಧಿ ಡಬ್ಬಿಯಿಂದ ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಬಾಟಲಿ ತೆಗೆದು ನೀರಿನಲ್ಲಿ ತೆಳುಮಾಡಿದೆ. ಅಟ್ಟದ ಡಬ್ಬಿಯಿಂದ ಅಕ್ಕಿ ಇಳಿಸಿ ಕೆಲಸದವಳಿಗೆಂದು ಮಾಡಿದ್ದ ಅನ್ನದಿಂದ ನಾಲ್ಕು ಅಗುಳು ತಟ್ಟೆಗೆ ಹಾಕಿ ಮೇಲೆ ಒಂದು ತೊಟ್ಟು ಬಿಟ್ಟೆ. ಅನ್ನ ನೀಲಿಗಪ್ಪಾಯಿತು. ರಶ್ಮಿ, ನೋಡಿದ್ರಾ ಆಂಟಿ ಎಂಬಂತೆ ಸುಮಿತ್ರಳ ಕಡೆ ನೋಡಿದಳು. ತಡಿ ತಾಯಿ ಎಂದೆ. ಅವಳದೇ ಹಿಟ್ಟಿನ ಚಪಾತಿಯ ಚೂರಿಗೆ ಬಿಟ್ಟೆ. ಅದೂ ಕಪ್ಪು. ಸಬ್ಬಕ್ಕಿ ಕಪ್ಪು, ಆಲೂಗಡ್ಡೆ ಕಪ್ಪು. ಪ್ರಾಯಶ್ಚಿತ್ತ ಮಾಡಿಕೊಂಡಿದ್ದ ಅವಲಕ್ಕಿ ಎಲ್ಲಕ್ಕಿಂತ ಕಪ್ಪು. ನಾನು ನಿವೃತ್ತನಾದ ಮೇಲೆ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ಅವತ್ತೇ. ಕಪ್ಪಾದರೆ ಪಿಷ್ಟ ಇದೆ ಎಂದರ್ಥ, ಎಲ್ಲವೂ ಗ್ಲೂಕೋಸಿನ ಸರಪಳಿಯೇ, ಒಂದೇ ಕುಲ, ಒಂದೇ ಗೋತ್ರ, ಅನ್ನಕ್ಕೊಂದು ನ್ಯಾಯ ಚಪಾತಿಗೊಂದು ನ್ಯಾಯ ಯಾಕೆ ಎಂದು ಮೇಜು ಗುದ್ದಿದೆ. ಪಿಷ್ಟ ಇಲ್ಲದ್ದರ ಮೇಲೂ ತೋರಿಸೋಣವೆಂದು ಸೌತೆಕಾಯಿಯ ಹೋಳಿಗೆ ಒಂದು ತೊಟ್ಟು ಬಿಟ್ಟೆ. ಅದು ಕಂದಾಗಿಯೇ ಉಳಿಯಿತು. ನಾರಿನಂಶ, ಕ್ಯಾಲರಿ ಎಂದು ರಶ್ಮಿ ಏನೋ ಶುರುಮಾಡಿದಳು. ಅವಳು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು, ಆದ್ದರಿಂದ ನಾನು ಇನ್ನೂ ಜೋರಾಗಿ ಮಾತಾಡಿದೆ. ಕೊನೆಗೆ ಆ ಹುಡುಗಿ, ಪಿಯುಸಿಯಲ್ಲೂ ನಂಗೆ ಕೆಮಿಸ್ಟ್ರಿ ಅಂದ್ರೆ ಆಗ್ತಿರ್ಲಿಲ್ಲ ಅಂಕಲ್ ಎಂದು ಹಿಟ್ಟಿನ ಪ್ಯಾಕೆಟ್ಟು ಎತ್ತಿಕೊಂಡು ಮಹಡಿ ಹತ್ತಿದಳು.

ಸುಮಿತ್ರ ಮಾತ್ರ ಎದ್ದಿರಲಿಲ್ಲ. ಕನ್ನಡಕ ಏರಿಸಿ, ತಟ್ಟೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅಂದ್ರೆ ಅನ್ನ, ಚಪಾತಿ, ಸಬ್ಬಕ್ಕಿ, ಅವಲಕ್ಕಿ ಎಲ್ಲಾ ಒಂದೇನಾ?"

"ಒಂದೇ ಒಂದೇ ಅಂತ ಮೂವತ್ತು ವರ್ಷದಿಂದ ಬಡ್ಕೋತಾ ಇದೀನಿ ಕಣೇ."

"ಮೊದ್ಲೇ ಹೀಗೆ ತೋರಿಸಿ ಹೇಳಿದ್ರೆ ಅರ್ಥ ಆಗ್ತಿತ್ತಲ್ರೀ" ಎಂದು ಬಾಟಲಿಯ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋದಳು. ಆ ಸಂಜೆ ನಾನು ಎಷ್ಟು ಖುಷಿಯಲ್ಲಿದ್ದೆ ಎಂದರೆ ಬನಶಂಕರಿ ಮಾರ್ಕೆಟ್ಟಿಗೆ ನಾನೇ ಹೋಗಿ ಅಗಸೆ ಸೊಪ್ಪು, ನೆಲ್ಲಿಕಾಯಿ ತಂದು, ಸೊಪ್ಪನ್ನು ನಾನೇ ಬಿಡಿಸಿಕೊಟ್ಟೆ.

ದ್ವಾದಶಿ ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ಪೂಜೆಯನ್ನು ಸ್ವಲ್ಪ ಅವಸರದಲ್ಲೇ ಮುಗಿಸಿ ಎಲೆಯ ಮುಂದೆ ಕುಳಿತೆ. ಅಗಸೆ ಸೊಪ್ಪಿನ ಪಲ್ಯ ಬಂತು. ನೆಲ್ಲಿಕಾಯಿ ಬಂತು. ಸೌತೆಕಾಯಿ ಹೋಳು ಬಂತು, ಒಂದು ಬಟ್ಟಲು ಮೊಸರು ಬಂತು. ಎಲೆಯ ನಡುವೆ ಅನ್ನದ ಜಾಗ ಖಾಲಿ. ಕೈ ತೊಳೆದು ಕಾದೆ. ಸುಮಿತ್ರಳೂ ಅಂಥದೇ ಎಲೆ ಹಾಕಿಕೊಂಡು ಎದುರಿಗೆ ಕುಳಿತಳು. ಅನ್ನ ಎಲ್ಲಿ ಎಂದು ಕೇಳಿದೆ. ಚಪಾತಿಯನ್ನಾದರೂ ಕೊಡು ಎಂದೆ. ಎರಡು ಚಮಚ ಅವಲಕ್ಕಿಗೂ ಇಳಿದೆ.

"ಎಲ್ಲಾ ಒಂದೇ ಕುಲ, ಒಂದೇ ಗೋತ್ರ ಅಂತ ನೀವೇ ತಾನೆ ತೋರ್ಸಿದ್ದು? ಇಷ್ಟು ದಿನ ಅನ್ನ ಬಿಟ್ಟು ಚಪಾತಿ ತಿಂದಿದ್ದೆಲ್ಲ ದಂಡ ಆಯ್ತು. ಈ ಎಲೇಲಿರೋ ಒಂದೊಂದಕ್ಕೂ ಬೆಳಿಗ್ಗೆ ಎದ್ದು ತೊಟ್ಟು ಹಾಕಿ ನೋಡಿದೀನಿ, ಯಾವುದೂ ಕಪ್ಪಾಗ್ಲಿಲ್ಲ. ಧೈರ್ಯವಾಗಿ ತಿನ್ನಿ."

ನಾನು ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡೆ. ಅಯೋಡಿನ್ ಬಾಟಲಿ ಈಗ ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ. ಮೊನ್ನೆ ಹೆಸರುಬೇಳೆ ಕೋಸಂಬರಿಯೂ ಕಪ್ಪಾಗಿ ಸಿಕ್ಕಿಬಿದ್ದು ಮನೆಯಿಂದ ಹೊರಗೆ ಹೋಯಿತು. ಮಹಡಿಯ ರಶ್ಮಿಯೇ ಕರುಣೆಯಿಂದ ಇಳಿದು ಬಂದು, ಆಂಟಿ, ಅಂಕಲ್‌ಗೆ ಸ್ವಲ್ಪ ಅನ್ನ ಕೊಡಬಹುದು ಎಂದು ಶಿಫಾರಸು ಮಾಡಿ ನೋಡಿದಳು. ಅವಳಿಗೆ ಸುಮಿತ್ರ ತಟ್ಟೆ ತಂದು, ತೊಟ್ಟು ಬಿಟ್ಟು, ಕಾರ್ಬನ್ನಿನ ನಾಲ್ಕು ಕೈಗಳಿಂದ ಶುರುಮಾಡಿ ಪಾಠ ಹೇಳಿಕೊಟ್ಟಳು. ಒಂದು ತಪ್ಪೂ ಇರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ್ದರಲ್ಲಿ ನನ್ನ ಕೆಮಿಸ್ಟ್ರಿಯನ್ನು ಪೂರ್ತಿ ಅರ್ಥಮಾಡಿಕೊಂಡ ವಿದ್ಯಾರ್ಥಿ ಅವಳೊಬ್ಬಳೇ, ಮತ್ತು ನನಗೆ ಊಟ ಬಡಿಸುವವಳೂ ಅವಳೇ.