ಅಡಕಲ ಗಡಿಗೆ ಮತ್ತು ಆರು ಕೇಜಿ ಪೈಪು

ಮಾತು ಬರುವವರು ಮಾತಾಡಿ ಹಗುರಾಗುತ್ತಾರೆ. ಮಾತು ಬಾರದವರು ನಿಯಮ ಬರೆಯುತ್ತಾರೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ, ನನ್ನನ್ನೇ ನೋಡಿ ಹೇಳುತ್ತಿದ್ದೇನೆ. ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಸೇರಿ ನನ್ನ ಟ್ರಂಕು ತೆಗೆದು, ದೇವರ ಪೂಜೆಯ ಪುಸ್ತಕಗಳ ನಡುವೆ ಇದ್ದ ಒಂದು ಹರಕು ನೋಟಬುಕ್ಕು ಹಿಡಿದು, "ಅಜ್ಜಿ, ಇದರಾಗ ಯಾಕ ಪೈಪಿನ ಚಿತ್ರ ತಗದೀ?" ಎಂದು ನಕ್ಕಿರಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಬಾಯಿಂದ ಹೇಳಲು ಈಗಲೂ ನಾಚಿಕೆ. ಮೊದಲೇ ಎರಡು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಒಂದು, ಹಿರಿಯರ ಮುಂದೆ ನನ್ನ ಗಂಟಲಿನಿಂದ ದನಿ ಹೊರಡುವುದಿಲ್ಲ. ಎರಡು, ನಾನು ಮಾಡಿದ ಹೋಳಿಗೆ ಹಂಚಿನ ಮೇಲೆ ಒಡೆದು ಹೂರಣ ಹೊರಗೆ ಬರುತ್ತದೆ. ಮದುವೆಯಾಗಿ ಬಂದ ವರ್ಷವೇ ನಮ್ಮ ಅತ್ತೆ ಇದನ್ನು ಕಂಡುಹಿಡಿದು ಊರಿಗೆಲ್ಲ ತಿಳಿಸಿದ್ದರು.

ಆಗೆಲ್ಲ ಗಂಡನ ಅಣ್ಣನ ಮುಂದೆ ಹೆಣ್ಣುಮಕ್ಕಳು ಮಾತಾಡುವ ಪದ್ಧತಿ ಇರಲಿಲ್ಲ. ಸೆರಗು ಮೂಗಿನ ತನಕ ಎಳೆದುಕೊಂಡು ಗೋಡೆಗೆ ಅಂಟಿ ನಿಲ್ಲುವುದು. ಏನಾದರೂ ಹೇಳಲೇಬೇಕಾದರೆ ನೆಗೆಣ್ಣಿ ಸುಶೀಲಕ್ಕನ ಕಿವಿಯಲ್ಲಿ ಹೇಳಬೇಕು, ಆಕೆ ತನ್ನ ಗಂಡನಿಗೆ, ಎಂದರೆ ನನ್ನ ಭಾವನವರಿಗೆ, ಹೇಳಬೇಕು. ಸುಶೀಲಕ್ಕ ಒಳ್ಳೆಯ ಮನಸ್ಸಿನವಳು, ಆದರೆ ಮಾತನ್ನು ಇದ್ದ ಹಾಗೆ ಮುಟ್ಟಿಸುವುದು ಆಕೆಯ ಜಾಯಮಾನವಲ್ಲ. ನಾನು "ಎಮ್ಮಿ ಮೇವು ತಿಂತಿಲ್ಲ" ಎಂದು ಹೇಳಿಕಳಿಸಿದರೆ ಅಲ್ಲಿ ಮುಟ್ಟುವಾಗ "ಚಂಪಾ ಎಮ್ಮಿ ಮಾರ್ತಾಳಂತ" ಎಂದಾಗಿರುತ್ತಿತ್ತು. ಹೀಗೆ ಒಂದು ಸಲ ಎಮ್ಮೆ ನೋಡಲು ಐನಾಪುರದಿಂದ ಗಿರಾಕಿಯೂ ಬಂದಿದ್ದ.

ಎಂಬತ್ತರ ದಶಕದ ಕೊನೆಯ ಮಾತು ಇದು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಸತ್ತಿ ಊರಿನ ಹತ್ತಿರ ಕೃಷ್ಣಾ ಹೊಳೆಗೆ ಮೋಟಾರು ಕೂಡಿಸಿ, ಅಲ್ಲಿಂದ ಏರಿನ ಮೇಲಿನ ಹೊಲಗಳಿಗೆ ಹನ್ನೊಂದು ಮನೆಯವರು ಕೂಡಿ ಪ್ಲಾಸ್ಟಿಕ್ ಪೈಪ್‌ಲೈನ್ ಹಾಕಿದ್ದೆವು. ಎಲ್ಲರಿಗಿಂತ ಮೇಲಿನ ಕೊನೆಯ ಹೊಲ ನಮ್ಮದು. ಪೈಪಿನಲ್ಲಿ ಎರಡು ತರಹ ಇತ್ತು. ಹೆಚ್ಚು ಒತ್ತಡ ತಡೆಯುವ ದಪ್ಪನೆಯದಕ್ಕೆ ಆರು ಕೇಜಿ ಪೈಪು ಎನ್ನುತ್ತಿದ್ದರು, ತೆಳ್ಳನೆಯದಕ್ಕೆ ನಾಲ್ಕು ಕೇಜಿ. ಎಲ್ಲಾ ದಪ್ಪನೆಯದನ್ನೇ ಹಾಕುವ ತಾಕತ್ತು ಯಾರಿಗೂ ಇರಲಿಲ್ಲ. ಲೈನಿನ ಹಿರಿತನ ಭಾವನವರದು. ಅವರು ಯೋಚಿಸಿ, ದಪ್ಪನೆಯ ಪೈಪನ್ನು ಏರಿನ ಮೇಲೆ ಹಾಕಿಸಿದರು, ತೆಳ್ಳನೆಯದನ್ನು ಹೊಳೆಯ ಬದಿಗೆ. "ಎತ್ತಿಗೆ ತ್ರಾಸ ಆಗೂದ ಏರ ಹತ್ತುವಾಗ. ನೀರಿಗೂ ಹಂಗ" ಎನ್ನುವುದು ಅವರ ಲೆಕ್ಕ. ಹನ್ನೊಂದು ಮನೆಯ ಗಂಡಸರೂ ತಲೆದೂಗಿದರು. ಎತ್ತು ಕಟ್ಟಿದವರಿಗೆ ಇದು ತಕ್ಷಣ ತಿಳಿಯುವ ಮಾತು.

ಆದರೆ ಪೈಪು ಒಡೆಯುತ್ತಿದ್ದುದು ಕೆಳಗೆ, ಹೊಳೆಯ ಬದಿಯ ಜಾಲಿಗಿಡದ ಹತ್ತಿರ. ಅದೂ ನನ್ನ ಪಾಳಿ ಬಂದಾಗಲೇ. ಕೆಳಗಿನವರು ನೀರು ಬಿಟ್ಟುಕೊಂಡಾಗ ಏನೂ ಆಗುತ್ತಿರಲಿಲ್ಲ. ನಾನು ನನ್ನ ವಾಲ್ವು ತೆಗೆದು ಕಬ್ಬಿನ ಸಾಲಿಗೆ ನೀರು ಬರುವುದನ್ನು ಕಾಯುತ್ತಾ ನಿಂತರೆ, ನೀರಿನ ಬದಲು ಕೆಳಗಿನಿಂದ ಕೂಗು ಬರುತ್ತಿತ್ತು. ನಾಲ್ಕನೆಯ ಸಲ ಒಡೆದಾಗ ಗಂಡಸರೆಲ್ಲ ಒಂದು ತೀರ್ಮಾನಕ್ಕೆ ಬಂದರು. ಚಂಪಾನ ಹೊಲವನ್ನು ಲೈನಿನಿಂದ ಕಡಿದುಬಿಟ್ಟರೆ ಲೈನು ಉಳಿಯುತ್ತದೆ. ಸೋಮವಾರ ನಮ್ಮ ಪಡಸಾಲೆಯಲ್ಲೇ ಸಭೆ. ನನ್ನ ಎರಡು ಎಕರೆ ಕಬ್ಬು ಎದೆಯೆತ್ತರ ನಿಂತಿತ್ತು. ನಿಮ್ಮ ಅವ್ವ ಆಗ ಐದನೆಯ ಇಯತ್ತೆ. ಆ ಕಬ್ಬು ಒಣಗಿದರೆ ಆಕೆಯ ಶಾಲೆಯೂ ಒಣಗಿದ ಹಾಗೆಯೇ.

ಭಾನುವಾರ ಮಧ್ಯಾಹ್ನ ಜೋಳ ತೆಗೆಯಲು ಅಡುಗೆಮನೆಯ ಅಡಕಲ ಇಳಿಸುತ್ತಿದ್ದೆ. ನೀವು ಅಡಕಲ ನೋಡಿಲ್ಲ. ಗಡಿಗೆಯ ಮೇಲೆ ಗಡಿಗೆ, ಅದರ ಮೇಲೆ ಇನ್ನೊಂದು, ಹೀಗೆ ಐದಾರು ಪೇರಿಸಿ ಕಾಳುಕಡಿ ಇಡುತ್ತಿದ್ದೆವು. ಎಲ್ಲಕ್ಕಿಂತ ದಪ್ಪನೆಯ ದೊಡ್ಡ ಗಡಿಗೆ ತಳಕ್ಕೆ, ಮೇಲೆ ಹೋದ ಹಾಗೆ ತೆಳ್ಳನೆಯವು, ತುದಿಗೆ ಜೀರಿಗೆ ಕುಡಿಕೆ. ಹೊಸದಾಗಿ ಬಂದಾಗ ನಾನು ತಿರುಗಾಮುರುಗಾ ಪೇರಿಸಿ ತಳದ ಗಡಿಗೆ ಬಿರುಕು ಬಿಟ್ಟು, ಅತ್ತೆ ಅದನ್ನೂ ಊರಿಗೆ ತಿಳಿಸಿದ್ದರು. ಕೈಯಲ್ಲಿ ಕುಡಿಕೆ ಹಿಡಿದುಕೊಂಡೇ ನಿಂತುಬಿಟ್ಟೆ. ಏರಿನ ಪೈಪಿನೊಳಗಿನ ನೀರು ಎಂದರೆ ಒಂದರ ಮೇಲೊಂದು ನಿಂತ ನೀರೇ ಅಲ್ಲವೇ? ಮೇಲಿನ ನೀರಿನ ಭಾರವೆಲ್ಲ ಕೆಳಗಿನ ಪೈಪಿನ ಮೇಲೆ. ನನ್ನ ಹೊಲದ ತನಕ ನೀರು ಏರಿದಾಗ ಅಡಕಲ ಪೂರ್ತಿ ಪೇರಿಸಿದ ಹಾಗೆ. ಕೆಳಗಿನವರ ಪಾಳಿಯಲ್ಲಿ ಎರಡೇ ಗಡಿಗೆ, ನನ್ನ ಪಾಳಿಯಲ್ಲಿ ಆರು. ತಪ್ಪು ನನ್ನ ಹೊಲದ್ದಲ್ಲ, ತಳಕ್ಕೆ ಜೀರಿಗೆ ಕುಡಿಕೆ ಇಟ್ಟವರದು!

ಸುಶೀಲಕ್ಕನನ್ನು ಕರೆದು ಗಡಿಗೆ ಮುಟ್ಟಿ ಮುಟ್ಟಿ ತೋರಿಸಿದೆ. ಆಕೆ ಎಲ್ಲ ತಿಳಿದವಳ ಹಾಗೆ ಹೋದಳು. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಭಾವನವರ ನಗೆ ಕೇಳಿಸಿತು. "ಏನಂದಿ? ಪೈಪ ತಗದ ಮಣ್ಣಿನ ಗಡಿಗಿ ಹೂಳಬೇಕಂತ?"

ಇನ್ನು ಈ ಬಾಯನ್ನು ನಂಬಬಾರದೆಂದು ನಿಮ್ಮ ಅವ್ವನ ಗಣಿತದ ನೋಟಬುಕ್ಕು ತೆಗೆದುಕೊಂಡು ಹಿಂದಿನ ಹಾಳೆಯಿಂದ ಬರೆಯಲು ಕುಳಿತೆ. ನಾನು ಏಳನೆಯ ಇಯತ್ತೆ ಪಾಸು. ಅಕ್ಷರ ದುಂಡಗಿವೆ ಎಂದು ಮಾಸ್ತರರೇ ಹೇಳಿದ್ದರು. ಮೊದಲು ಅಡಕಲದ ಚಿತ್ರ, ಪಕ್ಕಕ್ಕೆ ಪೈಪಿನ ಚಿತ್ರ, ಕೆಳಗೆ ನಿಯಮ: ದಪ್ಪನೆಯದು ತಳಕ್ಕೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷ ಬಾಯಿ ಮುಚ್ಚಿಕೊಂಡು ನೋಡಿದ್ದೆಲ್ಲ ಕೈಗೆ ಬಂತು. ಪೈಪನ್ನು ಬಿಸಿಲಿನಲ್ಲಿ ಬಿದ್ದಿರಲು ಬಿಡಬಾರದು, ಹಪ್ಪಳದಂತಾಗುತ್ತದೆ. ಜೋಡಿಸಿದ ಕಡೆ ಹಚ್ಚಿದ ಅಂಟು ಒಂದು ದಿನ ಒಣಗುವ ತನಕ ನೀರು ಬಿಡಬಾರದು. ನೀರು ಬಿಟ್ಟು ಒಂದು ಹಗಲು ನೋಡುವ ತನಕ ಚರಿಗೆ, ಎಂದರೆ ಪೈಪಿಗಾಗಿ ತೋಡಿದ ಉದ್ದನೆಯ ತಗ್ಗಿಗೆ, ಮಣ್ಣು ಎಳೆಯಬಾರದು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣ ಎಲೆಗೆ, ಎಂದರೆ ರವದಿಗೆ, ಬೆಂಕಿ ಹಚ್ಚುವ ಮೊದಲು, ನೆಲದಿಂದ ಮೇಲೆದ್ದ ಪೈಪಿನ ಸುತ್ತ ಒಂದು ಮಾರು ಸ್ವಚ್ಛ ಮಾಡಬೇಕು. ವಾಲ್ವನ್ನು ಒಮ್ಮೆಲೇ ಮುಚ್ಚಬಾರದು. ಓಡುವ ನೀರನ್ನು ಗಕ್ಕನೆ ತಡೆದರೆ ಅದು ಹಿಂದಕ್ಕೆ ಗುದ್ದುತ್ತದೆ. ಎಷ್ಟು ಹೊತ್ತು ಎಂದು ಬರೆಯಲು ನನ್ನ ಹತ್ತಿರ ಗಡಿಯಾರ ಇರಲಿಲ್ಲ. ಒಂಬತ್ತು ಸಲ ಣಮೋಕಾರ ಮಂತ್ರ ಹೇಳುವಷ್ಟು ಹೊತ್ತು ಎಂದು ಬರೆದೆ. ಈ ನಿಯಮ ಮುರಿದವರು ಹನ್ನೊಂದೂ ಮನೆಗೆ ಹೋಳಿಗೆ ಊಟ ಹಾಕಬೇಕೆಂದೂ ಸೇರಿಸಿದೆ. ವಾಲ್ವನ್ನು ಗಕ್ಕನೆ ಮುಚ್ಚುತ್ತಿದ್ದವರು ಭಾವನವರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ನಿಮ್ಮ ಅವ್ವನ ಕೈಯಲ್ಲಿ ನೋಟಬುಕ್ಕನ್ನು ಸಭೆಗೆ ಕಳಿಸಿದೆ. ಭಾವನವರು ಕನ್ನಡಕ ಏರಿಸಿ ಎಲ್ಲರೆದುರು ಅದನ್ನು ಓದಿದರು. ಒಂದೊಂದು ನಿಯಮಕ್ಕೂ ಒಂದೊಂದು ನಗೆ. "ಅಡಿಗಿಮನಿ ಇಂಜಿನಿಯರ್ ಬಂದಾಳಪಾ" ಎಂದು ಒಬ್ಬರು. ನೀರು ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕು ಎಂದು ಹುಟ್ಟಿದಾಗಿನಿಂದ ನಿಯಮದಲ್ಲೇ ಬೆಳೆದ ಜೈನರ ಓಣಿ ನಮ್ಮದು. ಅದೇ ನೀರು ಪೈಪಿನೊಳಗೆ ಹೊಕ್ಕ ಕೂಡಲೇ ನಿಯಮ ಎಂದರೆ ನಗೆಯೇ? ನನಗೆ ಹೇಗೆ ಧೈರ್ಯ ಬಂತೋ, ಸೆರಗು ಎಳೆದುಕೊಂಡು ಪಡಸಾಲೆಗೆ ಬಂದೆ. ಭಾವನವರ ಜೊತೆ ಮಾತಾಡುವ ಹಾಗಿಲ್ಲ. ಆದ್ದರಿಂದ ನಡುಗಂಬದ ಕಡೆ ಮುಖ ಮಾಡಿದೆ.

"ಕಂಬಪ್ಪಾ, ಕೇಳ. ಮ್ಯಾಲಿನ ದಪ್ಪ ಪೈಪ ಕೆಳಗ ಹಾಕ್ರಿ, ಕೆಳಗಿಂದು ಮ್ಯಾಲ ಹಾಕ್ರಿ. ಆಮ್ಯಾಲೂ ನನ್ನ ಪಾಳ್ಯಾಗ ಒಡದ್ರ ನನ್ನ ಹೊಲದ ಲೈನ್ ನಾನ ಕೈಯಾರೆ ಕೊಯ್ಯತೀನಿ. ಅಲ್ಲೀತನಕಾ ಯಾರರೆ ನನ್ನ ಪೈಪ್ ಮುಟ್ಟಿದ್ರ ನೋಡ!"

ಭಾವನವರು ನನ್ನನ್ನು ನೋಡುವಂತಿಲ್ಲ, ಅವರೂ ಕಂಬವನ್ನೇ ನೋಡಿದರು. ವಯಸ್ಸಾದ ಪಾಯಪ್ಪ ಕಾಕಾ ಮೂಲೆಯಿಂದ, "ಕಂಬ ಹೂಂ ಅಂತೈತಿ. ನೀವೂ ಅನ್ರಿ" ಎಂದರು.

ಪೈಪುಗಳನ್ನು ಗರಗಸದಿಂದ ಕೊಯ್ದು, ತುದಿ ಕಾಯಿಸಿ ಬಾಯಿ ಅಗಲಿಸಿ, ಅದಲುಬದಲು ಜೋಡಿಸಲು ಒಂದು ವಾರ ಹಿಡಿಯಿತು. ತೆಂಗಿನಕಾಯಿ ಒಡೆದು ನೀರು ಬಿಟ್ಟ ಕೂಡಲೇ ಗಂಡಸರು ಮಣ್ಣು ಎಳೆಯಲು ಸಲಿಕೆ ಹಿಡಿದರು. ನಾನು ಹೋಗಿ ಚರಿಯ ದಂಡೆಯ ಮೇಲೆ ಭಾವನವರಿಗೆ ಬೆನ್ನು ಹಾಕಿ ಕುಳಿತುಬಿಟ್ಟೆ. "ಸುಶೀ, ಆಕಿಗೆ ಏಳಂತ ಹೇಳ" ಎಂದು ಅವರು. "ಏಳಾಂಗಿಲ್ಲಂತ" ಎಂದಳು ಸುಶೀಲಕ್ಕ. ಆಕೆ ನನ್ನ ಮಾತನ್ನು ಸರಿಯಾಗಿ ಮುಟ್ಟಿಸಿದ್ದು ಅದೊಂದೇ ಸಲ, ಅದೂ ನಾನು ಹೇಳದೇ ಇದ್ದ ಮಾತು. ಹೊತ್ತು ಇಳಿಯುವಾಗ ಮೂರನೆಯ ಜೋಡಣೆಯಲ್ಲಿ ಕಣ್ಣೀರಿನಂತೆ ಸಣ್ಣಗೆ ನೀರು ಜಿನುಗಿತು. ಚರಿ ಮುಚ್ಚಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅಂದಿನಿಂದ ಯಾರೂ ನಗಲಿಲ್ಲ. ನನ್ನ ಪಾಳಿ ಬಂತು, ಮತ್ತೂ ಬಂತು, ಪೈಪು ಒಡೆಯಲಿಲ್ಲ. ಕಬ್ಬು ಕಾರ್ಖಾನೆಗೆ ಹೋಯಿತು, ನಿಮ್ಮ ಅವ್ವ ಶಾಲೆಗೆ ಹೋದಳು.

ಮರುವರ್ಷ, ಪ್ಲಾಸ್ಟಿಕ್ ಪೈಪಿಗೆ ಇಡೀ ದೇಶಕ್ಕೆ ನಿಯಮ ಬರೆಯುವ ಕಚೇರಿಯ ಇಂಜಿನಿಯರ್ ಒಬ್ಬರು, ರೈತರು ಹೇಗೆ ಹೂಳುತ್ತಾರೆಂದು ನೋಡಲು ಅಥಣಿ ಕಡೆ ಬಂದವರು ನಮ್ಮ ಊರಿಗೂ ಬಂದರು. ಭಾವನವರು ನೋಟಬುಕ್ಕನ್ನು ತಾವೇ ಬರೆದವರ ಠೀವಿಯಿಂದ ತೋರಿಸಿದರು. ಇಂಜಿನಿಯರ್ ಪುಟ ತಿರುವಿ, "ನಮ್ಮ ಪುಸ್ತಕದಲ್ಲೂ ಹೀಗೇ ಇದೆಯಲ್ಲ!" ಎಂದರು. ನಾನು ಒಳಗಿನಿಂದ ಕಂಬಕ್ಕೆ ಹೇಳಿದೆ, "ಹಂಗಾದ್ರ ಆ ಪುಸ್ತಕಾ ಬರದವರ ಮನ್ಯಾಗೂ ಅಡಕಲ ಇದ್ದೀತು." ರವದಿಯ ಬೆಂಕಿಯ ಮಾತು ಮಾತ್ರ ಅವರ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಬರೆದುಕೊಂಡು ಹೋದರು. ಅಚ್ಚಾಯಿತೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೆ ಅದು ಪುಸ್ತಕದ ಕೊರತೆ, ನನ್ನದಲ್ಲ.

ಇಷ್ಟಕ್ಕೇ ಮುಗಿಸಿದರೆ ನಿಮ್ಮ ಅಜ್ಜಿ ಬಹಳ ದೊಡ್ಡವಳಾಗಿಬಿಡುತ್ತಾಳೆ. ಒಂದು ಸಂಜೆ ಹೊಲದಲ್ಲಿದ್ದೆ. ಹೊತ್ತು ಮುಳುಗಲು ಇನ್ನೊಂದು ಬೆರಳು ಉಳಿದಿತ್ತು, ಮುಳುಗಿದರೆ ಆ ದಿನ ಉಪವಾಸ. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂಬತ್ತು ಣಮೋಕಾರ ಎಲ್ಲಿ ಹೇಳಲಿ, ಅರ್ಧಕ್ಕೇ ಬಿಟ್ಟು ವಾಲ್ವನ್ನು ಗಕ್ಕನೆ ತಿರುವಿದೆ. ಇಡೀ ಲೈನು ಧಡಲ್ ಎಂದು ಗುದ್ದಿದ್ದು ಹೊಳೆಯ ದಂಡೆಯಲ್ಲಿದ್ದ ಭಾವನವರಿಗೆ ಕೇಳಿಸಿತು. ಮರುದಿನ ಅವರು ಪಡಸಾಲೆಗೆ ಬಂದು, ನನ್ನ ಕಡೆ ನೋಡದೆ, ಜೀವಮಾನದಲ್ಲಿ ಮೊದಲ ಸಲ, "ಕಂಬಪ್ಪಾ, ಹೋಳಿಗಿ ಯಾವಾಗ?" ಎಂದರು. "ನೀನ ಬರದದ್ದು, ನೀನ ಹೊಡದ ಹಾಕ" ಎಂದಳು ಸುಶೀಲಕ್ಕ. ನಾನು ಹೊಡೆದುಹಾಕಲಿಲ್ಲ.

ಹನ್ನೊಂದು ಮನೆಗೆ ಹೋಳಿಗೆ ಮಾಡಿದೆ. ಈ ಸಲ ಒಡೆಯಬಾರದೆಂದು ಕಣಕ ಸ್ವಲ್ಪ ದಪ್ಪಗೇ ಹಿಡಿದೆ. ಭಾವನವರು ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು ಹೇಳಿದರು, "ಕಂಬಪ್ಪಾ, ಇದು ಆರು ಕೇಜಿ ಹೋಳಿಗಿ."

ನಾನು ಸೆರಗು ಸರಿಮಾಡಿಕೊಂಡು ಕಂಬಕ್ಕೆ ಕೇಳಿದೆ, "ಒಡದಿಲ್ಲಲ್ಲ?"